ಅರ್ಧ ಇಂಚಿನ ಮಾತು

ಮೀನು ಸಾಕಿರುವವರ ಮನೆಗೆ ಹೋದರೆ ನೀವು ಮೊದಲು ನೋಡುವುದೇನು? ಮೀನನ್ನೇ ತಾನೆ. ಇದು ಏಂಜೆಲ್ಲೋ ಗೋಲ್ಡ್ ಫಿಶ್ಶೋ, ಮರಿ ಹಾಕುತ್ತದೋ ಮೊಟ್ಟೆ ಇಡುತ್ತದೋ ಎಂದು ಮಾತು ಹೊರಡುತ್ತದೆ, ಅಷ್ಟರಲ್ಲಿ ಕಾಫಿ ಬರುತ್ತದೆ. ನನ್ನ ಕಣ್ಣು ಮಾತ್ರ ಕೆಳಗೆ ಹೋಗುತ್ತದೆ. ಟ್ಯಾಂಕು ಯಾವುದರ ಮೇಲೆ ಕೂತಿದೆ, ಗಾಜಿನ ಅಂಚು ಎಲ್ಲಿಗೆ ಬಂದಿದೆ, ಸ್ಟ್ಯಾಂಡಿನ ನಾಲ್ಕೂ ಕಾಲು ನೆಲಕ್ಕೆ ಊರಿವೆಯೇ ಎಂದು ನೋಡುವ ತನಕ ನನಗೆ ಸಮಾಧಾನವಿಲ್ಲ. ಮೀನಿನ ಮೇಲೆ ಅಕ್ಕರೆ ಇರುವುದರಿಂದಲೇ ಈ ಅಭ್ಯಾಸ.

ಮೀನಿನ ಮೋಹ ನಮ್ಮಲ್ಲಿ ಬಹಳ ಮಂದಿಗೆ ಹತ್ತುವುದು ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ, ಇಲ್ಲವೇ ಶಿಶಿಲದ ಕಪಿಲೆಯಲ್ಲಿ. ಒಂದು ಹಿಡಿ ಮಂಡಕ್ಕಿ ಎರಚಿದರೆ ಸಾಕು, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ತಳವನ್ನೂ ದಡವನ್ನೂ ನದಿಯೇ ನೋಡಿಕೊಳ್ಳುತ್ತದೆ. ಅದೇ ಮೀನನ್ನು ಹಾಲಿನ ಮೂಲೆಗೆ ಕರೆತಂದರೆ ತಳವೂ ನಮ್ಮ ಪಾಲಿಗೆ, ದಡವೂ ನಮ್ಮ ಪಾಲಿಗೆ.

ಆ ಪಾಲು ಎಷ್ಟು ಭಾರ ಗೊತ್ತೆ? ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಎಂದರೆ 9 ಘನ ಅಡಿ. ಘನ ಅಡಿಗೆ 28 ಲೀಟರಿನ ಮೇಲೆ ಚೂರು, ಅಂದರೆ ಸುಮಾರು 250 ಲೀಟರ್ ನೀರು. ಲೀಟರಿಗೆ ಒಂದು ಕೆಜಿ. 10 ಮಿಲಿಮೀಟರ್ ಗಾಜಿನದೇ 50 ಕೆಜಿ ತೂಗುತ್ತದೆ. ತಳಕ್ಕೆ ಹರಡುವ ಜಲ್ಲಿ, ಕಲ್ಲು ಎಲ್ಲ ಸೇರಿದರೆ 325 ಕೆಜಿ ದಾಟಲು ಕಷ್ಟವಿಲ್ಲ. 25 ಕೆಜಿಯ 13 ಅಕ್ಕಿ ಚೀಲಗಳನ್ನು ಆ ಕಬ್ಬಿಣದ ಕಾಲುಗಳ ಮೇಲೆ ಪೇರಿಸಿಟ್ಟ ಹಾಗೆ, ಅದೂ ಹಗಲು ರಾತ್ರಿ, ವರ್ಷಗಟ್ಟಲೆ.

ನಮ್ಮ ಬೀದಿಯ ತುದಿಮನೆಯ ಹುಡುಗ ಇಂಥದ್ದೇ ಒಂದನ್ನು ಹೇಳಿ ಮಾಡಿಸಿದ. ಹಳೆಯ ಸ್ಟ್ಯಾಂಡು ಗಟ್ಟಿಮುಟ್ಟಾಗಿತ್ತು, ಅದೇ ಇರಲಿ ಅಂದುಕೊಂಡ. ಗಾಜು ಬಂದ ಮೇಲೆ ನೋಡಿದರೆ ಟ್ಯಾಂಕು 48 ಇಂಚು, ಸ್ಟ್ಯಾಂಡು 47.5. ಅಗಲದಲ್ಲೂ ಅಷ್ಟೇ ವ್ಯತ್ಯಾಸ. "ಅಂಕಲ್, ಸ್ವಲ್ಪ ಬಂದು ನೋಡ್ತೀರಾ? ಬರೀ ಅರ್ಧ ಇಂಚು. ಅಂಗಡಿಯವರು ಏನೂ ಆಗಲ್ಲ ಅಂದ್ರು" ಅಂದ.

ಅರ್ಧ ಇಂಚನ್ನು ಎರಡೂ ಕಡೆಗೆ ಹಂಚಿದರೆ ಒಂದೊಂದು ಬದಿಗೆ ಕಾಲು ಇಂಚು, ಅಂದರೆ 6 ಮಿಲಿಮೀಟರ್ ಚಿಲ್ಲರೆ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಆ ಅಂಚಿನ ಬಳಿ ಕೂತು ನೋಡಿ: ನೆಟ್ಟಗೆ ನಿಂತ ಗಾಜಿನ ದಪ್ಪ 10 ಮಿಲಿಮೀಟರ್. ಅದರಲ್ಲಿ 6 ಹೊರಗೆ ಹೋದರೆ ಕಬ್ಬಿಣದ ಮೇಲೆ ಉಳಿಯುವುದು 4. ನೀರನ್ನು ತಡೆದು ನಿಲ್ಲಬೇಕಾದ ಗೋಡೆಯ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯಲ್ಲಿ! ಏನೂ ಆಗಲ್ಲ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಪೀಠದ ವಿಷಯದಲ್ಲಿ ನಮ್ಮ ಶಿಲ್ಪಿಗಳು ಎಂಥ ಜಾಣರು ನೋಡಿ. ಗರ್ಭಗುಡಿಯಲ್ಲಿ ಮೂರ್ತಿಯ ಪಾದ ಪೀಠದ ಅಂಚು ದಾಟಿ ಚಾಚಿದ್ದನ್ನು ಎಲ್ಲಾದರೂ ಕಂಡಿದ್ದೀರಾ? ಸುತ್ತ ಜಾಗ ಬಿಟ್ಟೇ ಕೂರಿಸುತ್ತಾರೆ. ನಡುವಿನ ಸಂದಿಗೆ ಅರಗು, ಜೇನುಮೇಣ, ಬೆಣ್ಣೆ ಮೊದಲಾದವನ್ನು ಕುಟ್ಟಿ ಹದ ಮಾಡಿದ ಅಷ್ಟಬಂಧ. ಕರಾವಳಿಯ ಕಡೆ 12 ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿ ಬ್ರಹ್ಮಕಲಶ ನಡೆಸುತ್ತಾರೆ, ಊರಿಗೆ ಊರೇ ಸೇರುತ್ತದೆ, ಊಟದ ಪಂಕ್ತಿ ಮುಗಿಯುವುದೇ ಇಲ್ಲ. ಟ್ಯಾಂಕಿನ ಅಷ್ಟಬಂಧ ಎಂದರೆ ಸಿಲಿಕೋನು, ಹಚ್ಚಿದಾಗ ಹುಳಿ ವಿನೆಗರಿನ ವಾಸನೆ ಬರುತ್ತದಲ್ಲ, ಅದು. ಗಾಜಿಗೆ ಗಾಜನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಹೊರಚಾಚಿದ ಅಂಚಿನ ಕೆಳಗೆ ಅದನ್ನು ಮೆತ್ತಿದರೆ ಆಸರೆಯಾಗುವುದಿಲ್ಲ.

ಹಾಗಾದರೆ ಏನು ಮಾಡುವುದು? ನಮ್ಮ ಹುಡುಗ ಮಾಡಿದ್ದು ಹೀಗೆ. ಐಎಸ್ 710 ಗುರುತಿರುವ 18 ಮಿಲಿಮೀಟರಿನ ಮರೈನ್ ಪ್ಲೈ ತಂದು, ಟ್ಯಾಂಕಿನ ತಳಕ್ಕಿಂತ ಕೂದಲೆಳೆ ಹೆಚ್ಚೇ ಇರುವಂತೆ ಕೊಯ್ಯಿಸಿ, ಅಂಚಿಗೆಲ್ಲ ಪೇಂಟು ಬಳಿದು, ಸ್ಟ್ಯಾಂಡಿಗೆ ಬಿಗಿದ. ಪ್ಲೈ ಕಾಲು ಇಂಚು ಹೊರಗಿದ್ದರೆ ಅಂಥ ದಪ್ಪದ ಹಲಗೆ ಬಾಗುವುದಿಲ್ಲ. ಒಂದೆರಡು ಇಂಚೇ ಹೊರಗಿದ್ದರೆ ಪ್ಲೈಯನ್ನು ನಂಬಬೇಡಿ, ವೆಲ್ಡಿಂಗ್ ಅಂಗಡಿಗೆ ಒಯ್ದು ಆ್ಯಂಗಲ್ ಸೇರಿಸಿ ಮೇಲಿನ ಚೌಕಟ್ಟನ್ನೇ ದೊಡ್ಡದು ಮಾಡಿಸಿ. ಪ್ಲೈ ಮೇಲೆ ಥರ್ಮಾಕೋಲ್ ಹಾಳೆ. ಹಾಸುವ ಮುಂಚೆ ಅಂಗೈಯಿಂದ ಒಮ್ಮೆ ಸವರಬೇಕು, ಏಕೆಂದರೆ ಗಾಜಿನ ಅಡಿಗೆ ಸಿಕ್ಕಿದ ಒಂದು ಮರಳಿನ ಹರಳು ಇಡೀ ತಳವನ್ನು ಸೀಳಬಲ್ಲದು. ತಳದ ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇರುವ ಟ್ಯಾಂಕಿಗೆ ಮಾತ್ರ ಥರ್ಮಾಕೋಲ್ ಬೇಡ. ಅದರ ಭಾರ ಇಳಿಯುವುದೇ ಚೌಕಟ್ಟಿನ ಅಂಚುಗಳ ಮೂಲಕ.

ಇನ್ನು ಮಟ್ಟ. ಜಗಲಿಗೋ ಬಾಲ್ಕನಿಗೋ ಮಳೆನೀರು ಹರಿಯಲೆಂದು ಗಾರೆಯವರು ವಾಟ ಕೊಟ್ಟಿರುತ್ತಾರೆ, ಅಲ್ಲಿ ಟ್ಯಾಂಕಿಟ್ಟರೆ ಒಂದು ಬದಿಗೆ ನೀರು ಹೆಚ್ಚು ನಿಲ್ಲುತ್ತದೆ. ರಸಮಟ್ಟ ಇಲ್ಲದಿದ್ದರೆ ಗಾರೆಯವರ ನೀರಿನ ಪೈಪೇ ಸಾಕು. ಆದರೆ ಚಕ್ಕೆ ಇಡುವುದಿದ್ದರೆ ಸ್ಟ್ಯಾಂಡಿನ ಕಾಲಿನ ಕೆಳಗೆ ಇಡಿ, ಟ್ಯಾಂಕಿನ ಕೆಳಗೆ ಎಂದಿಗೂ ಬೇಡ. ಕಾಲು ಭಾಗ ನೀರು ತುಂಬಿಸಿ ಮಟ್ಟವನ್ನು ಮತ್ತೆ ನೋಡಿ, ಆಮೇಲೆ ಉಳಿದದ್ದು.

ನೀರಿನ ಮಾತು ಬಂದರೆ ಕೆಆರ್‌ಎಸ್ ನೆನಪಾಗದೆ ಇರುತ್ತದೆಯೇ? ಆಷಾಢದ ಮಳೆ ಹಿಡಿಯಿತೆಂದರೆ ಮಂಡ್ಯ, ಮೈಸೂರಿನವರೆಲ್ಲ ಬೆಳಗೆದ್ದು ಪತ್ರಿಕೆಯಲ್ಲಿ ಹುಡುಕುವುದು 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು. ಕಟ್ಟೆಯ ಮೇಲಿನ ಒತ್ತಡಕ್ಕೂ ಲೆಕ್ಕ ಆ ಅಡಿಯದೇ, ಹಿನ್ನೀರು ಎಷ್ಟು ದೂರ ಹರಡಿದೆ ಎಂಬುದರದಲ್ಲ. ಟ್ಯಾಂಕಿಗೂ ಅದೇ ನಿಯಮ. ಆರು ಇಂಚು ಉದ್ದ ಹೆಚ್ಚಿಸುವುದಕ್ಕಿಂತ ಆರು ಇಂಚು ಎತ್ತರ ಹೆಚ್ಚಿಸುವಾಗ ಗಾಜಿನ ದಪ್ಪವನ್ನು ಜಾಸ್ತಿ ಯೋಚಿಸಬೇಕು.

2022ರ ಡಿಸೆಂಬರ್ 16ರ ನಸುಕಿನಲ್ಲಿ ಬರ್ಲಿನ್ನಿನ ಹೋಟೆಲೊಂದರಲ್ಲಿ 10 ಲಕ್ಷ ಲೀಟರಿನ ಅಕ್ರಿಲಿಕ್ ಟ್ಯಾಂಕು ಒಡೆದು ನೀರು ರಸ್ತೆಗೆ ನುಗ್ಗಿತು, ಒಳಗಿದ್ದ ಮೀನುಗಳಲ್ಲಿ ಬಹುಪಾಲು ಸತ್ತವು. ಅದು ಸ್ಟ್ಯಾಂಡಿನ ಕತೆಯಲ್ಲ. ಆದರೂ ಆ ಸುದ್ದಿ ಓದಿದಾಗ ನನ್ನ ಮನಸ್ಸು ಹೋದದ್ದು ನಮ್ಮ ಮನೆಮನೆಯ ನಾಲ್ಕಡಿ ಟ್ಯಾಂಕುಗಳ ಕಡೆಗೆ. ಮೀನಿಗೆ ತನ್ನ ಗಾಜನ್ನು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶವಿಲ್ಲ.

ನೀವೂ ಟ್ಯಾಂಕು ಮಾಡಿಸುವವರಿದ್ದರೆ ದಯವಿಟ್ಟು ಇಷ್ಟು ಮಾಡಿ. ಇರುವ ಸ್ಟ್ಯಾಂಡಿನ ಮೇಲೇ ಇಡುವುದಾದರೆ, ಗಾಜಿನವರಿಗೆ ಅಳತೆ ಕೊಡುವ ಮೊದಲು ಅದರ ಹೊರ ಅಂಚಿನಿಂದ ಹೊರ ಅಂಚಿಗೆ ನೀವೇ ಟೇಪು ಹಿಡಿಯಿರಿ. ಹೊಸ ಸ್ಟ್ಯಾಂಡು ಮಾಡಿಸುವುದಾದರೆ ಟ್ಯಾಂಕು ಮನೆಗೆ ಬಂದ ಮೇಲೆ ಅದನ್ನೇ ಅಳೆದು ವೆಲ್ಡರಿಗೆ ಹೇಳಿ.