ಉದ್ದ ಹೆಸರಿನ ಉಪದ್ರವ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿಗೆ ಇಷ್ಟೇ ಜಾಗವೆಂದು ಗೆರೆ ಎಳೆದಿರುತ್ತದೆ. ಊರು, ಅಜ್ಜ, ಮನೆತನ ಎಲ್ಲ ಸೇರಿಸಿ ಬರೆಸುವ ತಂದೆ ಬಂದರೆ ಅಕ್ಷರಗಳು ಪಕ್ಕದ ಹುಟ್ಟಿದ ದಿನಾಂಕದ ಮನೆಗೆ ನುಗ್ಗುತ್ತವೆ. ನಾವೇನೋ ಅರ್ಥ ಮಾಡಿಕೊಳ್ಳುತ್ತೇವೆ. ಕಂಪ್ಯೂಟರಿಗೆ ಆ ವಿವೇಕವಿಲ್ಲ. ಉಕ್ಕಿ ಆಚೆ ಬಿದ್ದ ಅಕ್ಷರಗಳನ್ನೇ ಅದು ಯಜಮಾನನ ಆಜ್ಞೆಯೆಂದು ಪಾಲಿಸಿಬಿಡಬಹುದು.

2003ರ ಜನವರಿ 25ರಂದು ಆದದ್ದು ಅದೇ. ಶನಿವಾರ, ನಮ್ಮಲ್ಲಿ ಬೆಳಗಿನ ಶಾಲೆ ಬಿಡುವ ಹೊತ್ತು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2000 ಎಂದರೆ ಕಚೇರಿಗಳ ಲೆಕ್ಕಪತ್ರ, ಹೆಸರು, ವಿಳಾಸಗಳನ್ನು ಜೋಡಿಸಿಡುವ ಉಗ್ರಾಣ, ಅಂದರೆ ಡೇಟಾಬೇಸ್. ಅದರ 1434ನೆಯ ಬಾಗಿಲಿಗೆ ಬಂದ ಹೆಸರಿನ ಉದ್ದವನ್ನು ಅಳೆಯದೆಯೇ ಒಳಗೆ ಬರೆದುಕೊಳ್ಳುತ್ತಿತ್ತು. ಯಾರೋ ಕಿಡಿಗೇಡಿ 376 ಬೈಟಿನ ಹುಳುವೊಂದನ್ನು ಅಲ್ಲಿಗೆ ಬಿಟ್ಟ. ಪೋಸ್ಟ್‌ಕಾರ್ಡಿನ ತುಂಬ ಬರೆದಷ್ಟೂ ಇಲ್ಲ! ಸ್ಲ್ಯಾಮರ್ ಎಂದು ಅದಕ್ಕೆ ಹೆಸರಾಯಿತು. ಹೊಕ್ಕ ಯಂತ್ರದಿಂದ ತನ್ನದೇ ಪ್ರತಿಗಳನ್ನು ಕಂಡಕಂಡ ವಿಳಾಸಕ್ಕೆ ಎಸೆಯುವುದೊಂದೇ ಅದರ ಕೆಲಸ. ಆರಂಭದಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಯಿತು. ಒಟ್ಟು 75,000ಕ್ಕೂ ಕಡಿಮೆಯಿಲ್ಲದಷ್ಟು ಯಂತ್ರಗಳಿಗೆ ಹತ್ತಿತು. ದುರ್ಬಲವಾಗಿದ್ದವುಗಳಲ್ಲಿ ಹೆಚ್ಚಿನವು ಹತ್ತೇ ನಿಮಿಷದಲ್ಲಿ ಬಿದ್ದಿದ್ದವು.

ಅದು ಏನನ್ನೂ ಕದಿಯಲಿಲ್ಲ, ಅಳಿಸಲಿಲ್ಲ. ನೂಕುನುಗ್ಗಲಿಗೇ ದಾರಿ ಕಟ್ಟಿತು, ಅಷ್ಟೆ. ಅಮೆರಿಕದಲ್ಲಿ ಬ್ಯಾಂಕ್ ಆಫ್ ಅಮೆರಿಕದ 13,000 ಎಟಿಎಂಗಳಲ್ಲಿ ಬಹುಪಾಲು ಹಣ ಕೊಡದೆ ನಿಂತವು. ದಕ್ಷಿಣ ಕೊರಿಯಾದಲ್ಲಿ ಇಂಟರ್‌ನೆಟ್ಟೇ ಕುಸಿಯಿತು. ಸಿಯಾಟಲ್ ಬಳಿಯ ಬೆಲ್‌ವ್ಯೂನಲ್ಲಿ ಬೆಂಕಿ, ಪೊಲೀಸ್ ಎಂದು ಕರೆ ಮಾಡಿದವರ ಗೋಳನ್ನು ಸಿಬ್ಬಂದಿ ಕಾಗದದ ಮೇಲೆ ಬರೆದುಕೊಳ್ಳಬೇಕಾಯಿತು. ಕಾಗದ ಕೈಬಿಡಲಿಲ್ಲವೆಂದು ನನಗೆ ಒಳಗೊಳಗೇ ಸಂತೋಷ.

ನನ್ನನ್ನು ಕಾಡುವುದು ಬೇರೆ. ಡೇವಿಡ್ ಲಿಚ್‌ಫೀಲ್ಡ್ ಎಂಬ ಇಂಗ್ಲೆಂಡಿನ ತಜ್ಞ ಈ ತೂತನ್ನು ಮೊದಲೇ ಕಂಡು ಹೇಳಿದ್ದ. 2002ರ ಜುಲೈ 24ರಂದೇ ಕಂಪನಿ ಅದಕ್ಕೆ ತೇಪೆ ಕೊಟ್ಟಿತ್ತು. ರೋಗಕ್ಕಿಂತ ಆರು ತಿಂಗಳು ಮೊದಲೇ ಮದ್ದು! ಹಾಗಾದರೆ ಹಚ್ಚಲಿಲ್ಲವೇಕೆ? ತೇಪೆ ಹಾಕಲು ಹೋಗಿ ಇದ್ದ ಸೀರೆಯೂ ಹರಿದರೆ ಎಂಬ ಭಯ ಕೆಲವರಿಗೆ. ಹಾಕುವ ಕೆಲಸವೂ ತೊಡಕಿನದು; ಮೈಕ್ರೋಸಾಫ್ಟಿನ ಸ್ವಂತ ಯಂತ್ರಗಳಲ್ಲೇ ಕೆಲವಕ್ಕೆ ಹುಳು ಹತ್ತಿತ್ತೆಂದರೆ ನೋಡಿ. ಇನ್ನು ಎಷ್ಟೋ ಜನರಿಗೆ ತಮ್ಮಲ್ಲಿ ಆ ಉಗ್ರಾಣವಿದೆಯೆಂದೇ ಗೊತ್ತಿರಲಿಲ್ಲ. ಅದರ ಪುಟ್ಟ ರೂಪವೊಂದು ಬೇರೆ ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಸದ್ದಿಲ್ಲದೆ ಕೂತಿರುತ್ತಿತ್ತು. ಮನೆಯಲ್ಲಿ ಹಿತ್ತಿಲ ಬಾಗಿಲಿದೆಯೆಂದು ಗೊತ್ತಿಲ್ಲದವರು ಅಗುಳಿ ಹಾಕುವುದೆಲ್ಲಿಂದ?

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಹುಳು ಸಾಯುತ್ತಿತ್ತು. ತೇಪೆಯಿಲ್ಲದಿದ್ದರೆ ತಿರುಗಿ ಹೊಕ್ಕುತ್ತಿತ್ತು. ಇಂಟರ್‌ನೆಟ್ ಕಂಪನಿಗಳು 1434ನೆಯ ಬಾಗಿಲಿಗೆ ಹೊರಗೋಡೆಯಲ್ಲೇ ತಡೆ ಹಾಕಿದ ಮೇಲೆ ಉಸಿರಾಡುವಂತಾಯಿತು.

ಇದನ್ನೆಲ್ಲ ತಿಳಿದುಕೊಂಡ ಮೇಲೆ ನಮ್ಮ ಶಾಲೆಗೆ ಫೀಸಿನ ತಂತ್ರಾಂಶ ಹಾಕಿಕೊಟ್ಟ ಹುಡುಗನನ್ನು ಕೇಳಿದೆ: ಇದರೊಳಗೆ ಯಾವ ಡೇಟಾಬೇಸ್ ಇದೆ? ತೇಪೆ ಹಾಕುವವರು ಯಾರು? ಹೊರಗಿನಿಂದ ಅದಕ್ಕೆ ದಾರಿಯಿದೆಯೆ? "ಓಡ್ತಾ ಇದೆಯಲ್ಲ ಮೇಡಂ, ಮುಟ್ಟೋಕೆ ಹೋಗ್ಬೇಡಿ" ಅಂದ. ಅದರಲ್ಲಿ ಮಕ್ಕಳ ಹುಟ್ಟಿದ ದಿನ, ಮನೆ ವಿಳಾಸ, ತಾಯಂದಿರ ಫೋನ್ ನಂಬರುಗಳಿವೆ. ಅವರು ನನ್ನ ಮುಖ ನೋಡಿ ಕೊಟ್ಟದ್ದು. ಮೂರಕ್ಕೂ ಉತ್ತರ ಬರೆದು ತಾ ಎಂದು ಕಳಿಸಿದ್ದೇನೆ. ಸೋಮವಾರ ಬರುತ್ತಾನಂತೆ.