ಹುಳಿಹಣ್ಣಿನ ಹೆಸರು

ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಸ್ಕಾರ್‌ಬೇಕ್ ಎಂಬ ಭಾಗವೊಂದಿದೆ. ಇಂದು ಅಲ್ಲಿ ಒತ್ತೊತ್ತಾಗಿ ನಿಂತ ಮನೆಗಳು, ಟ್ರಾಮ್ ಗಾಡಿಗಳು. ಹಿಂದೆ ಅದು ಪೇಟೆಯ ಹೊರಗಿನ ಹಳ್ಳಿ. ಹುಳಿಚೆರ್ರಿಗೆ ಹೆಸರಾದ ಹಳ್ಳಿ. ರೈತರು ತೋಟದ ಫಸಲನ್ನು ಕತ್ತೆಗಳ ಮೇಲೆ ಹೇರಿ ಬ್ರಸೆಲ್ಸಿಗೆ ಒಯ್ಯುತ್ತಿದ್ದುದರಿಂದ ‘ಕತ್ತೆಗಳ ಊರು’ ಎಂಬ ಅಡ್ಡಹೆಸರೂ ಅದಕ್ಕೆ ಅಂಟಿಕೊಂಡಿತು. ಅಲ್ಲಿಯ ಜನರ ಮನೆಮಾತು ಡಚ್ ಭಾಷೆಯ ಫ್ಲೆಮಿಶ್ ರೂಪ. ಆ ಕಡುಗೆಂಪು ಹುಳಿಹಣ್ಣನ್ನು ಅವರು ‘ಕ್ರೀಕ್’ ಎನ್ನುತ್ತಿದ್ದರು.

ಬ್ರಸೆಲ್ಸಿನ ಆಸುಪಾಸಿನಲ್ಲಿ ಲ್ಯಾಂಬಿಕ್ ಎಂಬ ಹುಳಿ ಬಿಯರ್ ತಯಾರಾಗುತ್ತದೆ. ಗೋಧಿ ಮತ್ತು ಮೊಳಕೆ ಬರಿಸಿದ ಬಾರ್ಲಿಯ ಗಂಜಿನೀರನ್ನು ಕುದಿಸಿ, ಚಳಿಗಾಲದ ರಾತ್ರಿ ಅಗಲವಾದ ತೆರೆದ ತೊಟ್ಟಿಯಲ್ಲಿ ಆರಲು ಬಿಡುತ್ತಾರೆ. ಹೊರಗಿನಿಂದ ಯೀಸ್ಟ್ ಬೆರೆಸುವುದಿಲ್ಲ. ದೋಸೆಹಿಟ್ಟು ತಾನಾಗಿ ಹುಳಿಯುವಂತೆ, ಗಾಳಿಯಲ್ಲಿಯೂ ಮರದ ಪೀಪಾಯಿಯಲ್ಲಿಯೂ ನೆಲೆಸಿದ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಇದು ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಮಾಗುತ್ತದೆ. ಇದಕ್ಕೆ ಬೇಸಗೆಯಲ್ಲಿ ಇಡಿಯ ಹುಳಿಚೆರ್ರಿಗಳನ್ನು, ಬೀಜವನ್ನೂ ತೆಗೆಯದೆ, ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. 1900ರಲ್ಲಿ ಆರಂಭವಾದ ಕಾಂಟಿಯೋನ್ ಎಂಬ ತಯಾರಿಕಾಗೃಹದಲ್ಲಿ ಒಂದು ಲೀಟರಿಗೆ ಸುಮಾರು 200 ಗ್ರಾಂ ಹಣ್ಣು ಬಳಕೆಯಾಗುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಬಣ್ಣ, ಹುಳಿ, ಬೀಜದಿಂದ ಬಂದ ಬಾದಾಮಿಯಂಥ ಪರಿಮಳ ಉಳಿಯುತ್ತವೆ. ಈ ಪಾನೀಯದ ಹೆಸರೂ ಕ್ರೀಕ್.

ಪಾನೀಯ ದೊಡ್ಡವರದ್ದಾದರೂ ಅದರೊಳಗಿನ ಹಣ್ಣಿನ ವಿಜ್ಞಾನವನ್ನು ಶಾಲೆಯ ಮಕ್ಕಳೂ ತಿಳಿಯಬಹುದು. ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವವರ ಮುಂದೆ ಸದಾ ಒಂದು ಪ್ರಶ್ನೆ ಇರುತ್ತದೆ: ಹಾಕಬೇಕಾದದ್ದು ತಾಜಾ ಹಣ್ಣೋ, ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿದ ಹಣ್ಣೋ? ಹೆಪ್ಪುಗಟ್ಟುವಾಗ ಹಣ್ಣಿನ ಕೋಶಗಳೊಳಗಿನ ನೀರು ಮಂಜಿನ ಹರಳಾಗಿ ಕೋಶಭಿತ್ತಿಯನ್ನು ಸೀಳುತ್ತದೆ. ಕರಗಿದಾಗ ರಸ ತಾನಾಗಿ ಸೋರುವುದರಿಂದ ಜಜ್ಜುವ ಶ್ರಮವಿಲ್ಲ. ಆದರೆ ಚಳಿಗೆ ಸೂಕ್ಷ್ಮಜೀವಿಗಳೆಲ್ಲ ಸಾಯುವುದಿಲ್ಲ. ಹಲವು ಮಲಗಿರುತ್ತವೆ, ಬಿಸುಪು ತಾಗಿದೊಡನೆ ಏಳುತ್ತವೆ. ಕುದಿಸಿದರೆ ಅವು ಸಾಯುತ್ತವೆ, ಜೊತೆಗೆ ಪರಿಮಳವೂ ಹಾರಿಹೋಗುತ್ತದೆ. ಜಾಮ್ ಗಟ್ಟಿಯಾಗಲು ಕಾರಣವಾದ ಪೆಕ್ಟಿನ್ ಬಿಟ್ಟುಕೊಂಡು ದ್ರವ ಮಬ್ಬಾಗುತ್ತದೆ. ಆದಕಾರಣ ಅನುಭವಿಗಳು ಮೊದಲ ಹುದುಗು ಮುಗಿದ ಮೇಲೆ ಹಣ್ಣು ಹಾಕುತ್ತಾರೆ. ಆಗ ದ್ರವದಲ್ಲಿ ಮದ್ಯಸಾರವೂ ಹುಳಿಯೂ ತುಂಬಿರುವುದರಿಂದ ಕೆಡಿಸುವ ಜೀವಿಗಳು ಸುಲಭವಾಗಿ ಬೆಳೆಯಲಾರವು. ಉಕ್ಕುವ ಅನಿಲದೊಡನೆ ಪರಿಮಳ ಹೊರಟುಹೋಗುವುದೂ ಕಡಿಮೆ. ಹಣ್ಣಿನ ಸಕ್ಕರೆಯಿಂದ ಹುದುಗು ಮತ್ತೆ ಆರಂಭವಾಗುತ್ತದೆ. ಅದು ಮುಗಿಯುವ ಮೊದಲೇ ಸೀಸೆಗೆ ತುಂಬಿ ಮುಚ್ಚಿದರೆ ಅನಿಲದ ಒತ್ತಡಕ್ಕೆ ಸೀಸೆ ಒಡೆಯುತ್ತದೆ.

ಹೀಗೆ ತಾಜಾ ಹಣ್ಣಾದರೂ ಹೆಪ್ಪುಗಟ್ಟಿದ ಹಣ್ಣಾದರೂ ಕೆಲಸ ನಡೆಯುತ್ತದೆ. ಆದರೆ ಹಣ್ಣಿನ ಹೆಸರಿನ ಗತಿ ಬೇರೆಯಾಯಿತು. ಬ್ರಸೆಲ್ಸ್ ಬೆಳೆದು ಸ್ಕಾರ್‌ಬೇಕನ್ನು ನುಂಗಿತು. ತೋಟಗಳಿದ್ದಲ್ಲಿ ಬೀದಿಗಳು ಬಂದವು. ಗಡಿ ಕದಲಲಿಲ್ಲ, ಆದರೂ ಉದ್ಯೋಗದ, ಪ್ರತಿಷ್ಠೆಯ ಭಾಷೆಯಾಗಿದ್ದ ಫ್ರೆಂಚ್ ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೆ ಬಂದು ಕುಳಿತಿತು. ಸ್ಕಾರ್‌ಬೇಕಿನ ಚೆರ್ರಿ ವಿರಳವಾದುದರಿಂದ ಹಲವು ತಯಾರಕರು ಹೊರಗಿನ ಹಣ್ಣನ್ನು ತರಿಸುತ್ತಾರೆ. ‘ಕ್ರೀಕ್’ ಎಂಬ ಮಾತು ಮಾತ್ರ ಸೀಸೆಯ ಚೀಟಿಯ ಮೇಲೆ ಕುಳಿತು ಲೋಕವೆಲ್ಲ ಸುತ್ತುತ್ತಿದೆ. ಅದನ್ನು ಓದುವ ಬಹುಮಂದಿಗೆ ಅದು ಒಂದು ಬಿಯರಿನ ಹೆಸರು. ಮರದ ಮೇಲಿನ ಹಣ್ಣಿನ ಹೆಸರೆಂಬ ಅರಿವಿಲ್ಲ. ಮಾತು ಸತ್ತಿಲ್ಲ, ನಿಜ. ಆದರೆ ಅದು ಅಡುಗೆಮನೆಯನ್ನು ಬಿಟ್ಟು ಅಂಗಡಿಗೆ ಹೋಗಿದೆ.

ಗಡಿನಾಡಿನ ಕನ್ನಡಿಗರಿಗೆ ಈ ಕಥೆ ದೂರದ್ದೆನಿಸದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯವರು ಶಾಲೆಗಾಗಿ, ಕಚೇರಿಯ ಅರ್ಜಿಗಾಗಿ, ನಾಮಫಲಕಕ್ಕಾಗಿ ದನಿ ಎತ್ತುತ್ತ ಬಂದಿದ್ದಾರೆ. ಅದು ಅವಶ್ಯವಾದ ಕೆಲಸ. ಆದರೆ ಫಲಕದ ಮೇಲಿನ ಮಾತಿಗೂ ಸೀಸೆಯ ಮೇಲಿನ ಕ್ರೀಕಿಗೂ ಒಂದೇ ಅಪಾಯ: ಬರೆಹ ಉಳಿದು ಬಳಕೆ ಹೋಗಬಹುದು. ಇಲ್ಲಿಯ ಹುಳಿಹಣ್ಣು ಪುನರ್ಪುಳಿ. ಬೇಸಗೆಯಲ್ಲಿ ಅದನ್ನು ಒಡೆದು, ಸಿಪ್ಪೆಯನ್ನು ಬಿಸಿಲಿಗೆ ಹರವಿ, ಮಳೆಗಾಲದ ಸಾರಿಗೆ ತೆಗೆದಿಡುವ ಮನೆಯಲ್ಲಿ ಆ ಹೆಸರನ್ನು ಮಗುವಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಅಂಗಡಿಯಿಂದ ಶರಬತ್ತಿನ ಸೀಸೆ ಬರುವ ಮನೆಯಲ್ಲಿ ಅದು ‘ಕೋಕಂ’ ಆಗುತ್ತದೆ. ಹಲಸಿನ ಸೊಳೆಯನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟರೂ ಆಷಾಢದಲ್ಲಿ ಪಲ್ಯವಾಗುತ್ತದೆ, ರುಚಿಗೂ ಕೊರತೆಯಿಲ್ಲ. ಆದರೆ ಭರಣಿ ಅಟ್ಟ ಸೇರಿದ ಮೇಲೆ ‘ಉಪ್ಪಿನ ಸೊಳೆ’ ಎಂಬ ಮಾತನ್ನು ಆಡುವ ಪ್ರಸಂಗವೇ ಬಾರದು.

ಹೊಸ ಅನುಕೂಲಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಶೈತ್ಯಪೆಟ್ಟಿಗೆ ಬೇಕೇ ಬೇಕು. ವರ್ಷಕ್ಕೊಮ್ಮೆ, ಬೇಸಗೆ ರಜೆಯ ಒಂದು ಬೆಳಗ್ಗೆ, ಅಜ್ಜಿಯ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿದರೆ ಸಾಕು. ಪುನರ್ಪುಳಿ ಒಡೆಯುವಾಗ ಕೈ ಕೆಂಪಾಗುತ್ತದೆ, ಅಂಗಿಗೂ ಕಲೆ ತಾಗುತ್ತದೆ. ರಜೆ ಮುಗಿದು ಶಾಲೆಗೆ ಹೋದಾಗ ಆ ಕಲೆ ಯಾವ ಹಣ್ಣಿನದೆಂದು ಗೆಳೆಯರು ಕೇಳುವರು. ಉತ್ತರ ಕನ್ನಡದಲ್ಲಿಯೇ ಬರುವುದು.