ಸಾಕುವ ಮುನ್ನ

ಮನುಷ್ಯನು ಪ್ರಾಣಿಗಳನ್ನು ಸಾಕತೊಡಗಿದ್ದು ಬಹುಮಟ್ಟಿಗೆ ತನ್ನ ಪ್ರಯೋಜನಕ್ಕಾಗಿ. ಹಸು ಹಾಲಿಗೆ, ನಾಯಿ ಕಾವಲಿಗೆ, ಬೆಕ್ಕು ಇಲಿಗಳ ಕಾಟವನ್ನು ತಪ್ಪಿಸುವುದಕ್ಕೆ. ಹೀಗಿರುವಾಗ ಬೆಕ್ಕಿನ ಬಾಯಿಗೆ ಬೀಳಬೇಕಾದ ಇಲಿಯ ಬಳಗವನ್ನೇ ಪಂಜರದಲ್ಲಿಟ್ಟು ಮುದ್ದಿಸುವ ಆಸೆ ಅವನಿಗೆ ಹುಟ್ಟಿದ್ದು ಸೋಜಿಗದ ಸಂಗತಿ. ಗಣಪತಿಯ ಪಾದದ ಬಳಿ ಇಲಿಗೆ ಸ್ಥಾನವುಂಟು. ಅಡುಗೆಮನೆಯಲ್ಲಿ ಅದಕ್ಕೆ ಬೋನುಂಟು. ಪೂಜೆ ಮತ್ತು ಬೋನು ಇವೆರಡಲ್ಲದೆ ಮೂರನೆಯ ಸಂಬಂಧವೊಂದು ಸಾಧ್ಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮುಂಬಲ್ಲುಗಳು ಜೀವಮಾನವಿಡೀ ಬೆಳೆಯುತ್ತ, ಅವುಗಳನ್ನು ಸವೆಸಲು ಏನನ್ನಾದರೂ ಕಡಿಯುತ್ತಲೇ ಇರಬೇಕಾದ ಜೀವಿಗಳಿಗೆ ದಂಶಕಗಳೆಂದು ಹೆಸರು. ಇಲಿ, ಅಳಿಲು, ಮುಳ್ಳುಹಂದಿ ಎಲ್ಲವೂ ಈ ಗುಂಪಿಗೆ ಸೇರಿದವು. ಬಂಟ್ವಾಳ ತಾಲೂಕಿನ ನರಿಕೊಂಬು ನೇತ್ರಾವತಿಯ ಸೀಮೆಯ ಊರು. ಅಲ್ಲಿಯ ತೆಂಗು ಕಂಗುಗಳ ನಡುವೆ ಅಳಿಲು ಕಾಣದ ದಿನವಿಲ್ಲ. ತುಳುವಿನಲ್ಲಿ ಅದು ಚಣಿಲ್. ತೋಟದ ಯಜಮಾನನ ಕಣ್ಣಿಗೆ ಅದು ಕೊಕ್ಕೋ ಕಾಯಿಯನ್ನು ಕೊರೆಯುವ ಕಳ್ಳ. ಮಕ್ಕಳ ಕಣ್ಣಿಗೆ ಜೀವವುಳ್ಳ ಆಟಿಕೆ. ಅಳಿಲು ಮಾತ್ರ ಕಳ್ಳನೂ ಅಲ್ಲ, ಆಟಿಕೆಯೂ ಅಲ್ಲ. ತನ್ನ ಹೊಟ್ಟೆ, ತನ್ನ ಮರಿ, ತನ್ನ ಗೂಡು ಎಂದು ಬದುಕುವ ಒಂದು ಸಂಸಾರಿ.

ಅಂಥ ಒಂದು ತೋಟದ ಮನೆಯ ಹುಡುಗನಿಗೆ ಪ್ರಾಣಿಯನ್ನು ಸಾಕಲು ಹಿರಿಯರ ಅನುಮತಿ ದೊರೆಯಿತು. ಆದರೆ ಒಂದನ್ನು ಮಾತ್ರ ಎಂಬ ಕಟ್ಟಳೆಯಿತ್ತು. ಎಲ್ಲರ ಮನೆಯಲ್ಲಿಯೂ ಇರುವ ನಾಯಿ, ಬೆಕ್ಕು ಅವನಿಗೆ ಬೇಡವಾಗಿತ್ತು. ಮಂಗಳೂರಿನ ಅಂಗಡಿಯಲ್ಲಿ ಕಂಡ ಹ್ಯಾಮ್‌ಸ್ಟರ್, ಗೆಳೆಯನ ಮನೆಯ ಗಿನಿಪಿಗ್, ಚಿತ್ರದಲ್ಲಿ ನೋಡಿದ ಚಿಂಚಿಲ್ಲಾ, ಘಟ್ಟದ ಮೇಲಿನ ಕೆಂದಳಿಲು ಇವುಗಳಲ್ಲಿ ಯಾವುದನ್ನು ಆರಿಸುವುದೆಂದು ಅವನು ದಿನಗಟ್ಟಲೆ ಲೆಕ್ಕ ಹಾಕಿದನು. ಅಷ್ಟರಲ್ಲಿ ಗಾಳಿಮಳೆಗೆ ಗೂಡು ಹರಿದು, ಕಣ್ಣು ತೆರೆಯದ ಅಳಿಲಿನ ಮರಿಯೊಂದು ಅಂಗಳಕ್ಕೆ ಬಿದ್ದಿತು.

“ಅಜ್ಜಾ, ನಾನು ಇದನ್ನೇ ಸಾಕುತ್ತೇನೆ. ದುಡ್ಡೂ ಕೊಡಬೇಕಾಗಿಲ್ಲ, ಪೇಟೆಗೂ ಹೋಗಬೇಕಾಗಿಲ್ಲ” ಎಂದನು ಹುಡುಗ.

“ಬಿದ್ದದ್ದು ಸಿಕ್ಕಿದರೆ ನಮ್ಮದಾಯಿತೇ ಮಗಾ? ಅದರ ತಾಯಿಯನ್ನು ಒಂದು ಮಾತು ಕೇಳಬೇಡವೇ?” ಎಂದರು ಅಜ್ಜ.

ಅಡಿಕೆಯ ಹಾಳೆಯನ್ನು ಮಡಚಿ, ತೆಂಗಿನ ನಾರು ಹಾಸಿ, ಮರಿಯನ್ನು ಅದರಲ್ಲಿ ಮಲಗಿಸಿ ಅವರು ಗೂಡಿದ್ದ ಮರಕ್ಕೆ ಕಟ್ಟಿದರು. ಆಮೇಲೆ ಇಬ್ಬರೂ ಜಗಲಿಯಲ್ಲಿ ಸದ್ದಿಲ್ಲದೆ ಕುಳಿತರು. ತಾಯಿ ಬರುವುದೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಬಾರದಿದ್ದರೆ ಮರಿ ಉಳಿಯುವುದೂ ಸಂದೇಹವೇ. ಬಹಳ ಹೊತ್ತಿನ ಮೇಲೆ ಅಳಿಲೊಂದು ಕೊಂಬೆಯಿಂದ ಇಳಿದು, ಎರಡು ಸಲ ಹಿಂದೆಗೆದು, ಮೂರನೆಯ ಸಲ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಎಲೆಗಳ ಮರೆಗೆ ಹೋಯಿತು. ಹುಡುಗನ ಕೈ ಬರಿದಾಯಿತು. ಆದರೆ ಪ್ರಾಣಿಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಯಾವುದೆಂಬುದು ಅವನಿಗೆ ತಿಳಿದಿತ್ತು. ಯಾವುದು ಚೆಂದ ಎಂಬುದಲ್ಲ. ನಮ್ಮ ಮನೆಗೆ ಬಂದರೆ ಅದು ಏನನ್ನು ಕಳೆದುಕೊಳ್ಳುತ್ತದೆ ಎಂಬುದು.

ಈ ಪ್ರಶ್ನೆಯ ಮುಂದೆ ಅವನ ಪಟ್ಟಿ ಬೇಗನೆ ಕಿರಿದಾಯಿತು. ಕೆಂದಳಿಲು ಪಶ್ಚಿಮ ಘಟ್ಟಗಳ ಕಾಡಿನಲ್ಲಿ ನೆಲಕ್ಕೆ ಇಳಿಯುವುದೇ ಅಪರೂಪ. ಮರದಿಂದ ಮರಕ್ಕೆ ಸುಮಾರು 20 ಅಡಿಗಳಷ್ಟು ದೂರ ಜಿಗಿಯಬಲ್ಲದು. ಅದಕ್ಕೆ ಎಷ್ಟು ದೊಡ್ಡ ಪಂಜರವನ್ನು ಮಾಡಿಸಿದರೂ ಸೆರೆಮನೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಅದನ್ನು ಹಿಡಿಯುವುದು ಅಪರಾಧ. ಅದೇ ಘಟ್ಟಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ, ಬೆನ್ನಿನ ಮೇಲೆ ಮುಳ್ಳುಗೂದಲುಳ್ಳ ಪುಟ್ಟ ಇಲಿಯೊಂದಿದೆ. ಮರದ ಪೊಟರೆಯಲ್ಲಿ ಹಗಲನ್ನು ಕಳೆದು ರಾತ್ರಿ ಹೊರಬೀಳುವ ಇದನ್ನು 1859ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ವಿಜ್ಞಾನಿ ಲೋಕಕ್ಕೆ ಪರಿಚಯಿಸಿದನು. ಇಂಥ ಜೀವಿಯನ್ನು ಕಾಣುವುದೇ ಭಾಗ್ಯ. ಪಡೆಯಲು ಹೊರಡುವುದು ಅವಿವೇಕ. ಇನ್ನು ಗದ್ದೆ ತೋಟಗಳ ಇಲಿಗಳನ್ನು ಹಿಡಿದು ಆಡುವುದು ಮನುಷ್ಯನಿಗೇ ಅಪಾಯ. ಅವುಗಳ ಮೂತ್ರದಿಂದ ಇಲಿಜ್ವರ ಹರಡುತ್ತದೆ.

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಚಳಿಗೆ ತಕ್ಕ ದಟ್ಟವಾದ ತುಪ್ಪಳವನ್ನು ಹೊತ್ತ ಪ್ರಾಣಿ. ಆ ತುಪ್ಪಳಕ್ಕಾಗಿಯೇ ಅದನ್ನು ಬೇಟೆಯಾಡಿ ಬಹುತೇಕ ನಿರ್ನಾಮ ಮಾಡಿದ್ದರಿಂದ 1910ರಲ್ಲಿ ಚಿಲಿ ಮತ್ತು ನೆರೆಯ ದೇಶಗಳು ಒಪ್ಪಂದ ಮಾಡಿಕೊಂಡು ಬೇಟೆಯನ್ನು ತಡೆಯಬೇಕಾಯಿತು. ಕರಾವಳಿಯ ಬೇಸಿಗೆಯ ಸೆಕೆಯಲ್ಲಿ ಆ ಕಂಬಳಿಯನ್ನು ಅದು ಕಳಚುವುದೆಲ್ಲಿಗೆ?

ಹ್ಯಾಮ್‌ಸ್ಟರಿನ ಕಥೆ ಬೇರೆಯ ಬಗೆಯದು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞನು ಸಿರಿಯಾದ ಅಲೆಪ್ಪೊ ನಗರದ ಬಳಿ ಹೊಲವೊಂದನ್ನು ಅಗೆಸಿ, ಒಂದು ತಾಯಿಯನ್ನೂ ಅದರ 11 ಮರಿಗಳನ್ನೂ ಹೊರತೆಗೆಸಿದನು. ಪೆಟ್ಟಿಗೆಯಲ್ಲಿಟ್ಟಾಗ ಬೆದರಿದ ತಾಯಿಯು ತನ್ನ ಮರಿಯೊಂದನ್ನು ತಾನೇ ಕೊಂದಿತು. ಉಳಿದ ಮರಿಗಳಲ್ಲಿ ಬದುಕಿಕೊಂಡ ಕೆಲವು ಜೆರುಸಲೇಮಿನಲ್ಲಿ ಬೆಳೆದವು. ಇಂದು ಮನೆಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳು ಬಹುತೇಕ ಅವುಗಳ ಸಂತತಿ. ತವರಿನ ಬಯಲಿನಲ್ಲಿ ಮಾತ್ರ ಆ ಕುಲ ಕ್ಷೀಣಿಸಿದೆ. ಅಂಗಡಿಯ ಹ್ಯಾಮ್‌ಸ್ಟರ್ ತಲೆಮಾರುಗಳಿಂದ ಮನುಷ್ಯನ ನಡುವೆ ಬಾಳಿದ ಜೀವಿ ಎಂಬುದು ನಿಜ. ಆದರೆ ಅದು ಹಗಲು ಮಲಗಿ ಇರುಳು ಏಳುವ ಒಂಟಿ ಪ್ರಾಣಿ. ಹಗಲಿಗೆ ಶಾಲೆಯಲ್ಲಿದ್ದು ಇರುಳಿಗೆ ಮಲಗುವ ಬಾಲಕನಿಗೂ ಅದಕ್ಕೂ ಗೆಳೆತನ ಬೆಳೆಯುವ ಹೊತ್ತು ಯಾವುದು?

ಕೊನೆಗೆ ಉಳಿದದ್ದು ಗಿನಿಪಿಗ್. ಹೆಸರಿನಲ್ಲಿ ಹಂದಿ ಇದ್ದರೂ ಅದು ಹಂದಿಯಲ್ಲ. ಗಿನಿ ದೇಶದ್ದೂ ಅಲ್ಲ. ಆಂಡಿಸ್ ಸೀಮೆಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಅದನ್ನು ಪಳಗಿಸಿದ್ದರು. ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ಕೂದಲು ಹೊತ್ತು ಬರುವ ಅದರ ಮರಿಗೆ ಮನುಷ್ಯನ ಅಂಗಳವು ಅಪರಿಚಿತವಲ್ಲ. ಆದರೆ ಅದಕ್ಕೂ ಬೇಡಿಕೆಗಳುಂಟು. ಸೆಕೆ ಅದಕ್ಕೆ ಆಗದು. ನೆರಳೂ ಗಾಳಿಯೂ ಇರುವ ತಾವು ಬೇಕು. ಮನುಷ್ಯನಂತೆಯೇ ಅದರ ದೇಹವೂ ಸಿ ಜೀವಸತ್ವವನ್ನು ತಯಾರಿಸಲಾರದು; ಆದುದರಿಂದ ಹುಲ್ಲಿನೊಡನೆ ಹಸಿರು ಸೊಪ್ಪು, ಪೇರಳೆಯ ಚಿಕ್ಕ ಹೋಳು ಸಿಗಬೇಕು. ಮಿಗಿಲಾಗಿ, ಜೊತೆಯಿಲ್ಲದೆ ಅದು ಕೊರಗುತ್ತದೆ. ಹೀಗಾಗಿ ಒಂದೇ ಪ್ರಾಣಿ ಎಂಬ ಕಟ್ಟಳೆಯನ್ನು ಮಾಡಿದ ಹಿರಿಯರೇ ಅದನ್ನು ಸಡಿಲಿಸಿ ಎರಡನ್ನು ತರಬೇಕಾಯಿತು. ಐದಾರು ವರ್ಷ ಬಾಳುವ ಅವುಗಳ ಗೂಡನ್ನು ದಿನವೂ ಶುಚಿಮಾಡುವ ಹೊಣೆ ಹುಡುಗನದಾಯಿತು.

ಸಾಕುವುದು ಎಂಬ ಮಾತಿಗೆ ಪೋಷಿಸುವುದು ಎಂದು ಅರ್ಥವೇ ಹೊರತು ಒಡೆತನ ಎಂದಲ್ಲ. ನಮ್ಮನ್ನು ನೆಚ್ಚಿ ಬಾಳಲು ಕಲಿತ ಪ್ರಾಣಿಗೆ ಮೇವು, ನೀರು, ನೆರಳು ಕೊಡುವುದು ನಮ್ಮ ಕರ್ತವ್ಯ. ಅಂಥ ನಂಟಿಲ್ಲದ ಪ್ರಾಣಿಗೆ ಅದರ ಮರವನ್ನು ಕಡಿಯದೆ, ಅದರ ಪೊಟರೆಯನ್ನು ಮುಚ್ಚದೆ ಬಿಡುವುದೂ ಪೋಷಣೆಯೇ. ಎರಡನೆಯದಕ್ಕೆ ಪಂಜರ ಬೇಡ, ಹಣ ಬೇಡ. ಆಸೆಯನ್ನು ತಡೆಯುವ ಮನಸ್ಸೊಂದಿದ್ದರೆ ಸಾಕು.